ಬಿಗ್ ಹೌಸ್‌ಗೆ ಮೊದಲ ಸಲ ಹೋಗುವವರಿಗೆ

ಊರಿಂದ ಅಪ್ಪ-ಅಮ್ಮ ಬಂದರೆ ನಯಾಗರ, ಷಿಕಾಗೊ, ಒಂದು ದೇವಸ್ಥಾನ, ಒಂದು ಔಟ್‌ಲೆಟ್ ಮಾಲ್. ಮಿಷಿಗನ್‌ನಲ್ಲಿರುವ ನಮ್ಮವರ ಪಟ್ಟಿ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ನಾನು ಡೆಟ್ರಾಯ್ಟ್ ಮಗ್ಗುಲಿನ ಕ್ಯಾಂಟನ್‌ಗೆ ಬಂದು ಹನ್ನೊಂದು ವರ್ಷವಾಯಿತು. ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಲಕ್ಷಕ್ಕೂ ಮೀರಿ ಜನ ಕೂತು ಕಾಲೇಜು ಹುಡುಗರ ಅಮೆರಿಕನ್ ಫುಟ್‌ಬಾಲ್ ನೋಡುವ ಬಿಗ್ ಹೌಸ್ ಎಂಬ ಸ್ಟೇಡಿಯಂ ಇದ್ದರೂ ಮೊದಲ ಐದಾರು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಕೊನೆಗೊಮ್ಮೆ ಹೋದಾಗ ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ, ಬೆನ್ನಿಗಿದ್ದ ಬ್ಯಾಗನ್ನು ಒಳಗೆ ಬಿಡಲಿಲ್ಲ, ಅದನ್ನು ಗಾಡಿಯಲ್ಲಿಟ್ಟು ವಾಪಸ್ ಬರುವಷ್ಟರಲ್ಲಿ ಮೊದಲ ಕ್ವಾರ್ಟರ್, ಅಂದರೆ ಆಟದ ಕಾಲು ಭಾಗ, ಮುಗಿದಿತ್ತು. ಆಮೇಲೆ ಬೇಕಾದಷ್ಟು ಸಲ ಹೋಗಿದ್ದೇನೆ. 2025ರ ಸೆಪ್ಟೆಂಬರ್‌ನಲ್ಲಿ ಎಪ್ಪತ್ತೆರಡು ವರ್ಷದ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ಜನ ಸೋಲುವುದು ಆಟ ಅರ್ಥವಾಗದೆ ಅಲ್ಲ, ಕಾಲು ಸೋತು. ಆದ್ದರಿಂದ ಈ ಬರಹದಲ್ಲಿ ಆಟಕ್ಕಿಂತ ನಡಿಗೆಯ ಲೆಕ್ಕವೇ ಜಾಸ್ತಿ.

ಜಾಗದ ಅಂದಾಜು ಮೊದಲು. ಆನ್ ಆರ್ಬರ್ ಊರಿನ ಜನಸಂಖ್ಯೆ ಸುಮಾರು 1.2 ಲಕ್ಷ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ ಕೂರುವವರ ಸಂಖ್ಯೆ 1,07,601. ಅಂದರೆ ಪಂದ್ಯದ ಶನಿವಾರ ಆ ಊರಿನ ಪಕ್ಕಕ್ಕೆ ಹೆಚ್ಚುಕಡಿಮೆ ಇನ್ನೊಂದು ಊರು ಬಂದು ಕೂರುತ್ತದೆ. ಹತ್ತಿರಹತ್ತಿರ ಮೂರು ಚಿನ್ನಸ್ವಾಮಿ ಸ್ಟೇಡಿಯಂಗಳ ಜನ. ಎಲ್ಲರೂ ಇದನ್ನು ಕರೆಯುವುದು ಬಿಗ್ ಹೌಸ್ ಎಂದೇ. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಸ್ಟೇಡಿಯಂ ಇಲ್ಲ. ಅಹಮದಾಬಾದಿನದು ಇದಕ್ಕಿಂತ ದೊಡ್ಡದು ಎಂದು ಅಪ್ಪನಿಗೆ ಮೊದಲೇ ಹೇಳಿಬಿಟ್ಟಿದ್ದೆ, ಇಲ್ಲದಿದ್ದರೆ ಅಲ್ಲೇ ಕೂತು ವಾದ ಶುರುವಾಗುತ್ತಿತ್ತು.

ಯಾವ ಪಂದ್ಯ

ಸೀಸನ್ ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ. ಅದರಲ್ಲಿ ಈ ಮೈದಾನದಲ್ಲಿ ನಡೆಯುವುದು ಏಳೋ ಎಂಟೋ ಪಂದ್ಯ ಅಷ್ಟೇ. ಮೊದಲ ಸಲ ಹೋಗುವವರು, ಅದರಲ್ಲೂ ಹಿರಿಯರನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗುವವರು, ಸೆಪ್ಟೆಂಬರ್‌ನಲ್ಲಿ ಸಣ್ಣ ತಂಡದ ಎದುರಿನ ಪಂದ್ಯ ನೋಡಿಕೊಳ್ಳಿ. ಟಿಕೆಟ್ ಅಗ್ಗ, ಹವೆ ಹಿತ, ಜನ ಮಾತ್ರ ಅಷ್ಟೇ. 1975ರ ನವೆಂಬರ್‌ನಿಂದ ಇಲ್ಲಿಯ ಪ್ರತಿ ಪಂದ್ಯಕ್ಕೂ ಲಕ್ಷದ ಮೇಲೆಯೇ ಹಾಜರಿ, ಕೋವಿಡ್‌ನ 2020 ಒಂದನ್ನು ಬಿಟ್ಟು. ಸಣ್ಣ ತಂಡ ಎಂದು ತೀರಾ ಹಗುರ ಮಾಡುವುದೂ ಬೇಡ. 2007ರ ಸೆಪ್ಟೆಂಬರ್ 1ರಂದು ಅಪಲೇಚಿಯನ್ ಸ್ಟೇಟ್ ಎಂಬ, ಕೆಳಗಿನ ದರ್ಜೆಯ ತಂಡ ಇಲ್ಲಿಗೇ ಬಂದು 34-32ರಿಂದ ಮಿಷಿಗನ್ನನ್ನು ಸೋಲಿಸಿ ಹೋಯಿತು. ನಮ್ಮ ಆಫೀಸಿನಲ್ಲಿ ಅದನ್ನು ಎತ್ತಿದರೆ ಇವತ್ತಿಗೂ ಮುಖ ಹುಳ್ಳಗೆ ಮಾಡುವವರಿದ್ದಾರೆ.

ಬದ್ಧ ಎದುರಾಳಿ ಓಹಾಯೋ ಸ್ಟೇಟ್ ಜೊತೆಗಿನ ಪಂದ್ಯ ಬೆಸ ಸಂಖ್ಯೆಯ ವರ್ಷಗಳಲ್ಲಿ ಇಲ್ಲಿ, ಸಮ ಸಂಖ್ಯೆಯ ವರ್ಷಗಳಲ್ಲಿ ಅವರ ಊರು ಕೊಲಂಬಸ್‌ನಲ್ಲಿ. ನವೆಂಬರ್ ಕೊನೆಯ ಶನಿವಾರ. 2021ರಲ್ಲಿ ಹಿಮ ಬೀಳುತ್ತಿರುವಾಗ ಮಿಷಿಗನ್ 42-27ರಿಂದ ಗೆದ್ದು ಜನ ಮೈದಾನಕ್ಕೆ ನುಗ್ಗಿದ್ದು ಆ ಪಂದ್ಯದಲ್ಲೇ. ಅದನ್ನು ಮೊದಲ ಅನುಭವವಾಗಿ ನಾನು ಯಾರಿಗೂ ಹೇಳುವುದಿಲ್ಲ. ಚಳಿಯೂ ಜಾಸ್ತಿ, ಟಿಕೆಟ್ ರೇಟೂ ಜಾಸ್ತಿ, ಅಕ್ಕಪಕ್ಕದವರ ಬಿಪಿಯೂ ಜಾಸ್ತಿ.

ಒಂದು ಕಿರಿಕಿರಿ ಮೊದಲೇ ತಿಳಿದಿರಲಿ. ಟಿಕೆಟ್ ಕೊಂಡ ದಿನ ಪಂದ್ಯ ಎಷ್ಟು ಗಂಟೆಗೆ ಎನ್ನುವುದು ಎಷ್ಟೋ ಸಲ ಗೊತ್ತಿರುವುದಿಲ್ಲ. ಸಮಯ ನಿಗದಿ ಮಾಡುವುದು ಟಿವಿಯವರು. ಕೆಲವಕ್ಕೆ ಮೊದಲೇ ಹೇಳುತ್ತಾರೆ, ಉಳಿದವಕ್ಕೆ ಹನ್ನೆರಡು ದಿನ ಮುಂಚೆ, ಒಮ್ಮೊಮ್ಮೆ ಆರು ದಿನ ಮುಂಚೆ. ಮಧ್ಯಾಹ್ನ 12, 3:30, ಇಲ್ಲವೇ ರಾತ್ರಿ 7:30, ಇವೇ ಸಾಮಾನ್ಯವಾದ ಹೊತ್ತುಗಳು. ಅದೇ ದಿನ ಸಂಜೆ ಯಾರ ಮನೆಯ ಗೃಹಪ್ರವೇಶಕ್ಕೂ ಬರುತ್ತೇನೆ ಎಂದು ಒಪ್ಪಿಕೊಳ್ಳಬೇಡಿ. ಆಟದ ಗಡಿಯಾರ ಅರವತ್ತು ನಿಮಿಷದ್ದಾದರೂ ಮುಗಿಯಲು ಮೂರೂವರೆ ಗಂಟೆ ಬೇಕು.

ಸೀಟು

ಇಲ್ಲಿ ಹೆಚ್ಚಿನ ಕಡೆ ಕುರ್ಚಿಗಳಿಲ್ಲ, ಉದ್ದನೆಯ ಅಲ್ಯೂಮಿನಿಯಂ ಬೆಂಚು, ಅದರ ಮೇಲೆ ನಂಬರು. ಬಹುಪಾಲು ಸೀಟುಗಳಿಗೆ ಬೆನ್ನಿಗೆ ಆಸರೆ ಇಲ್ಲ. ಒಂದೊಂದು ನಂಬರಿಗೆ ಬಿಟ್ಟಿರುವ ಜಾಗ ಕೆಎಸ್ಸಾರ್ಟಿಸಿ ಬಸ್ಸಿನ ಮೂರು ಜನರ ಸೀಟನ್ನು ನೆನಪಿಸುತ್ತದೆ. ನವೆಂಬರ್‌ನಲ್ಲಿ ಎಲ್ಲರೂ ದಪ್ಪ ಜಾಕೆಟ್ ಹಾಕಿ ಕೂತಾಗ ತಡವಾಗಿ ಬಂದವನ ನಂಬರು ಯಾರದೋ ತೊಡೆಯ ಕೆಳಗಿರುತ್ತದೆ. ನಯವಾಗಿ ಕೇಳಿ, ಸರಿದು ಕೊಡುತ್ತಾರೆ.

ಸೀಟು ಆರಿಸುವಾಗ ಎಲ್ಲರೂ ಮಾಡುವ ತಪ್ಪು ಮೈದಾನಕ್ಕೆ ಅಂಟಿಕೊಂಡ ಸಾಲುಗಳಿಗೆ ಆಸೆಪಡುವುದು. ನಾಟಕಕ್ಕೆ ಮುಂದಿನ ಸಾಲು ಸರಿ, ಇದಕ್ಕಲ್ಲ. ಬದಿಯಲ್ಲಿ ನಿಂತ ಆಟಗಾರರು, ಕೋಚ್‌ಗಳು ಅಡ್ಡ ಬಂದು ಚೆಂಡು ಎಲ್ಲಿದೆ ಎಂದೇ ಕಾಣುವುದಿಲ್ಲ. ಸಾಲಿನ ಸಂಖ್ಯೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮೂವತ್ತರಿಂದ ಅರವತ್ತರ ನಡುವಿನ ಸಾಲು ಹಿಡಿಯಿರಿ, ಇಡೀ ಮೈದಾನ ಹರಡಿದ ಚಾಪೆಯ ಹಾಗೆ ಕಾಣುತ್ತದೆ.

ಮಂಡಿನೋವಿನವರ ವಿಷಯ ಬೇರೆ. ಈ ಸ್ಟೇಡಿಯಂನ ಮುಕ್ಕಾಲು ಭಾಗ ನೆಲದ ಕೆಳಗಿದೆ. 1927ರಲ್ಲಿ ಕಟ್ಟಿದಾಗ ಗುಂಡಿ ತೋಡಿ ಅದರೊಳಗೇ ಕೂರಿಸಿದರು. ತೋಡುವಾಗ ಒರತೆ ಎದ್ದು ಒಂದು ಕ್ರೇನ್ ಹೂತುಹೋಯಿತು, ಅದು ಇನ್ನೂ ಅಡಿಯಲ್ಲೇ ಇದೆ ಎಂದು ಇಲ್ಲಿನವರು ಕತೆ ಹೇಳುತ್ತಾರೆ. ಹೊರಗಿನಿಂದ ನೋಡಿದರೆ ಇಷ್ಟೇನಾ ಅನಿಸುತ್ತದೆ. ಗೇಟು ದಾಟಿ ಅಂಚಿಗೆ ಬಂದು ನಿಂತರೆ ಕಾಲ ಕೆಳಗೆ ಇಳಿಯುತ್ತಾ ಇಳಿಯುತ್ತಾ ಹೋಗುವ ಮೆಟ್ಟಿಲು. ಅಪ್ಪ ಒಂದು ಗಳಿಗೆ ಕಂಬಿ ಹಿಡಿದು ನಿಂತರು. ‘ಲೇ, ಇದು ಕಲ್ಯಾಣಿ ಕಣೋ. ನೀರೊಂದಿಲ್ಲ’ ಅಂದರು. ನಮ್ಮೂರು ಹಾಸನದ ಕಡೆ. ಹುಳಿಕೆರೆ ಕಲ್ಯಾಣಿ ನೋಡಿದವರಿಗೆ ಈ ಜಾಗವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಮಾತು ನನಗಂತೂ ಸಿಕ್ಕಿಲ್ಲ.

ಕಲ್ಯಾಣಿ ಅಂದಮೇಲೆ ಇಳಿಯುವುದು ಸಲೀಸು, ಹತ್ತುವುದು ಕಷ್ಟ. ಶೌಚಾಲಯ, ತಿಂಡಿ ಅಂಗಡಿ ಎಲ್ಲ ಮೇಲಂಚಿನಲ್ಲಿವೆ. ಸಾಲು 20ರಲ್ಲಿ ಕೂತವರು ಒಂದು ಕಾಫಿಗೆ ಎಷ್ಟು ಮೆಟ್ಟಿಲು ಹತ್ತಬೇಕೆಂದು ಲೆಕ್ಕ ಹಾಕಿ. ಹಿರಿಯರಿದ್ದರೆ ಅರವತ್ತರ ಮೇಲಿನ ಸಾಲು, ಅದರಲ್ಲೂ ಮೆಟ್ಟಿಲಿಗೆ ತಾಗಿದ ಸೀಟು ಒಳ್ಳೆಯದು. ಗಾಲಿಕುರ್ಚಿಯವರಿಗೆ ಮೇಲಂಚಿನಲ್ಲೇ ಬೇರೆ ಜಾಗ ಇದೆ, ಟಿಕೆಟ್ ತೆಗೆಯುವಾಗಲೇ ಅದನ್ನು ಆರಿಸಿಕೊಳ್ಳಬೇಕು.

ಬಿಸಿಲಿನ ದಿಕ್ಕೂ ಮುಖ್ಯ. ಮೈದಾನ ಉತ್ತರ-ದಕ್ಷಿಣವಾಗಿದೆ. ಪೂರ್ವದ ಬದಿಯಲ್ಲಿ ಕೂತರೆ ಮಧ್ಯಾಹ್ನದ ಮೇಲೆ ಬಿಸಿಲು ಕಣ್ಣಿಗೇ. ಪಶ್ಚಿಮದಲ್ಲಿ ಬೆನ್ನಿಗೆ, ಆಮೇಲೆ ಮೇಲಿನ ಕಟ್ಟಡದ ನೆರಳು. ಸೆಪ್ಟೆಂಬರ್‌ಗೆ ಪಶ್ಚಿಮ, ನವೆಂಬರ್‌ಗೆ ಪೂರ್ವ. ಚಳಿಯಲ್ಲಿ ಆ ಬಿಸಿಲೇ ಆಧಾರ.

ವಿದ್ಯಾರ್ಥಿಗಳ ಭಾಗದ ಪಕ್ಕ ಸೀಟು ಬೇಡ. ಅವರು ಮೂರೂವರೆ ಗಂಟೆಯೂ ಕೂರುವುದಿಲ್ಲ. ಅವರ ಹಿಂದೆ ಕೂತರೆ ನೀವೂ ನಿಲ್ಲಬೇಕು. ಯಾರೋ ವಿದ್ಯಾರ್ಥಿ ಟಿಕೆಟನ್ನು ಕಡಿಮೆಗೆ ಕೊಡುತ್ತೇನೆ ಎಂದರೆ, ಬೇರೆಯವರು ಅದನ್ನು ಬಳಸಲು ಏನು ಮಾಡಬೇಕೆಂದು ವಿಚಾರಿಸಿಯೇ ದುಡ್ಡು ಕೊಡಿ.

ಬೆಳಗ್ಗೆ: ಗಾಡಿ ಎಲ್ಲಿ ಬಿಡುವುದು

ಐ-94 ಹೆದ್ದಾರಿಯಲ್ಲಿ 175ನೇ ಎಕ್ಸಿಟ್ ಸ್ಟೇಡಿಯಂಗೆ ನೇರ ದಾರಿ. ಅದು ಎಲ್ಲರಿಗೂ ಗೊತ್ತು, ಅದೇ ತೊಂದರೆ. ನಾನು 177ರಲ್ಲಿ, ಸ್ಟೇಟ್ ಸ್ಟ್ರೀಟ್ ಕಡೆಯಿಂದ ಬರುತ್ತೇನೆ. ಪಂದ್ಯಕ್ಕೆ ಮೂರೂವರೆ ಗಂಟೆ ಮುಂಚೆ ಬಂದರೆ ಎಲ್ಲಿಂದ ಬಂದರೂ ನಡೆಯುತ್ತದೆ. ಒಂದೂವರೆ ಗಂಟೆ ಮುಂಚೆ ಬಂದರೆ ಎಲ್ಲಿಂದಲೂ ನಡೆಯುವುದಿಲ್ಲ. ಸ್ಟೇಡಿಯಂ ಪಕ್ಕದ ಮೇನ್ ಸ್ಟ್ರೀಟನ್ನು ಪಂದ್ಯಕ್ಕೆ ಮುಂಚೆಯೇ ವಾಹನಗಳಿಗೆ ಮುಚ್ಚುತ್ತಾರೆ. ಜಿಪಿಎಸ್ ಅದರೊಳಗೇ ಹೋಗು ಎಂದು ಹಟ ಹಿಡಿದರೆ ಪೊಲೀಸರ ಮಾತು ಕೇಳಿ.

ಎದುರಿಗೇ ಇರುವ ಪಯನಿಯರ್ ಹೈಸ್ಕೂಲಿನ ಅಂಗಳದಲ್ಲಿ ದುಡ್ಡು ಕೊಟ್ಟು ಗಾಡಿ ನಿಲ್ಲಿಸಬಹುದು. ಸುತ್ತಲಿನ ಬೀದಿಗಳಲ್ಲಿ ಮನೆಯವರೇ ರಟ್ಟಿನ ಮೇಲೆ ರೇಟು ಬರೆದುಕೊಂಡು ತಮ್ಮ ಹುಲ್ಲಿನ ಮೇಲೆ ನಿಲ್ಲಿಸಿಕೊಳ್ಳುತ್ತಾರೆ. ಹಾಗೆ ನಿಲ್ಲಿಸುವಾಗ ಒಂದು ಮಾತು ಕೇಳಲೇಬೇಕು: ‘ನನ್ನ ಹಿಂದೆ ಇನ್ನೊಂದು ಗಾಡಿ ನಿಲ್ಲಿಸುತ್ತೀರಾ?’ ಒಮ್ಮೆ ಕೇಳದೆ ಬಿಟ್ಟು, ಆಟ ಮುಗಿದ ಮೇಲೆ ಯಾರೋ ಪುಣ್ಯಾತ್ಮ ಬರುವವರೆಗೆ ಒಂದು ಗಂಟೆ ಬೇರೆಯವರ ಅಂಗಳದಲ್ಲಿ ಕೂತಿದ್ದೆ. ಮನೆಯಾಕೆ ಪಾಪ ಆಪಲ್ ಸೈಡರ್ ಕೊಟ್ಟರು.

ನನ್ನ ಸಲಹೆ ಬೇರೆ. ಊರ ನಡುವಿನ ಡೌನ್‌ಟೌನ್‌ನಲ್ಲಿ ಗಾಡಿ ಬಿಟ್ಟು ನಡೆಯಿರಿ. ಎರಡು ಕಿಲೋಮೀಟರ್ ಚಿಲ್ಲರೆ, ಅರ್ಧ ಗಂಟೆ. ಸುತ್ತ ಎಲ್ಲರೂ ಅದೇ ಕಡೆ ಹೊರಟಿರುತ್ತಾರೆ, ದಾರಿ ಕೇಳುವ ಕೆಲಸವಿಲ್ಲ. ನಡೆಯಲಾಗದವರಿಗೆ ಪಂದ್ಯದ ದಿನ ಸಿಟಿ ಬಸ್ಸುಗಳೂ ಓಡುತ್ತವೆ. ವಾಪಸ್ ಹೊರಟಾಗ ಗೊತ್ತಾಗುತ್ತದೆ ಇದರ ಲಾಭ: ಸ್ಟೇಡಿಯಂ ಬುಡದಲ್ಲಿ ನಿಲ್ಲಿಸಿದವರು ಇನ್ನೂ ಹಾರ್ನ್ ಒತ್ತುತ್ತಿರುವಾಗ ನೀವು ಹೋಟೆಲಿನಲ್ಲಿ ಕೂತಿರುತ್ತೀರಿ.

ಬಟ್ಟೆಯ ವಿಷಯ ಒಂದೇ ಸಾಲು. ಮಿಷಿಗನ್ ತಂಡದ ಬಣ್ಣಗಳಾದ ಹಳದಿ ಅಥವಾ ಕಡುನೀಲಿ ಹಾಕಿ. ಓಹಾಯೋದವರ ಬಣ್ಣವಾದ ಕೆಂಪು, ಅದರಲ್ಲೂ ಅವರ ಜೊತೆಗಿನ ಪಂದ್ಯದ ದಿನ, ಬೀರುವಿನಲ್ಲೇ ಇರಲಿ. ಅಮ್ಮನ ಅರಿಶಿನ ಬಣ್ಣದ ಶಾಲು ಹೊದ್ದು ಬಂದಿದ್ದ ನನ್ನ ಹೆಂಡತಿಗೆ ದಾರಿಯುದ್ದಕ್ಕೂ ‘ಗೋ ಬ್ಲೂ!’ ಅಂದವರಿಗೆ ಲೆಕ್ಕವಿಲ್ಲ. ಅದಕ್ಕೆ ಉತ್ತರವೂ ಅದೇ, ‘ಗೋ ಬ್ಲೂ’. ನಮಸ್ಕಾರಕ್ಕೆ ನಮಸ್ಕಾರ ಅಂದ ಹಾಗೆ.

ಊಟ

ಪಂದ್ಯಕ್ಕೆ ಮುಂಚೆ ಗಾಡಿಯ ಡಿಕ್ಕಿ ತೆರೆದು, ಗ್ರಿಲ್ ಹಚ್ಚಿ, ಮಡಚುವ ಕುರ್ಚಿ ಹಾಕಿ ತಿನ್ನುವ ಕ್ರಮಕ್ಕೆ ಟೇಲ್‌ಗೇಟ್ ಅನ್ನುತ್ತಾರೆ. ಹೊಸಬರಿಗೆ ಇದರಲ್ಲಿ ಸೇರಲು ಸಂಕೋಚವಾಗುತ್ತದೆ. ನಿಮ್ಮ ಕನ್ನಡ ಕೂಟದಲ್ಲೋ ಆಫೀಸಿನಲ್ಲೋ ಸೀಸನ್ ಟಿಕೆಟ್ ಇರುವವರು ಒಬ್ಬರಾದರೂ ಇರುತ್ತಾರೆ, ಒಂದು ಮಾತು ಕೇಳಿ ನೋಡಿ. ಬರಿಗೈಯಲ್ಲಿ ಹೋಗಬೇಡಿ. ಸಸ್ಯಾಹಾರಿಗಳಾದರೆ ಇನ್ನೂ ಒಂದು ಕಾರಣ: ಗ್ರಿಲ್ ಮೇಲೆ ನಿಮಗೆ ಸಿಗುವುದು ಮುಸುಕಿನ ಜೋಳ ಒಂದೇ. ನಾವು ಅಲ್ಯೂಮಿನಿಯಂ ಟ್ರೇ ತುಂಬ ಚಿತ್ರಾನ್ನ ಒಯ್ದಿದ್ದೆವು. ತಣ್ಣಗಾದರೂ ಕೆಡುವುದಿಲ್ಲ, ಚಮಚದಲ್ಲಿ ತಿನ್ನಬಹುದು, ಬಣ್ಣವೂ ತಂಡದ್ದೇ. ಕಡಲೆಬೀಜ ಹಾಕಿದ್ದನ್ನು ಮಾತ್ರ ಮೊದಲೇ ಹೇಳಿಬಿಡಿ, ಇಲ್ಲಿ ಅದರ ಅಲರ್ಜಿ ಇರುವವರು ಇರುತ್ತಾರೆ. ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ, ಬೇಡ.

ಒಳಗೆ ಸಿಗುವುದು ನಾಚೋ, ಪ್ರೆಟ್ಜೆಲ್, ಪಾಪ್‌ಕಾರ್ನ್, ಹಾಟ್ ಡಾಗ್‌ನಂಥದ್ದು, ರೇಟು ಸಿನಿಮಾ ಥಿಯೇಟರಿನದು. 2024ರಿಂದ ಬಿಯರನ್ನೂ ಮಾರುತ್ತಾರೆ. ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗುವುದು ಕ್ಷೇಮ.

ಗೇಟು

ಬ್ಯಾಗ್ ತರಬೇಡಿ. ಇಲ್ಲಿ ವರ್ಷಗಟ್ಟಲೆ ಯಾವ ಬ್ಯಾಗನ್ನೂ ಬಿಡುತ್ತಿರಲಿಲ್ಲ, ನಿಯಮ ಆಗಾಗ ಬದಲಾಗುತ್ತದೆ. ಆ ವಾರದ ನಿಯಮವನ್ನು ಸ್ಟೇಡಿಯಂನ ವೆಬ್‌ಸೈಟಿನಲ್ಲಿ ಓದಿ, ಓದಿದ ಮೇಲೂ ಜೇಬಿನಲ್ಲಿ ಹಿಡಿಸುವಷ್ಟನ್ನೇ ತನ್ನಿ. ಬಿಪಿ ಮಾತ್ರೆ, ಮಗುವಿನ ಡೈಪರ್ ಇಂಥದ್ದು ತರಲೇಬೇಕಾದರೆ ಅದಕ್ಕೆ ಏನು ವ್ಯವಸ್ಥೆ ಎಂದು ಮೊದಲೇ ನೋಡಿಕೊಳ್ಳಿ. ಕೊಡೆ ಬಿಡುವುದಿಲ್ಲ. ಮಳೆ ಬರುವ ಹಾಗಿದ್ದರೆ ತೆಳುವಾದ ಪ್ಲಾಸ್ಟಿಕ್ ರೈನ್‌ಕೋಟ್ ಮಡಚಿ ಜೇಬಿಗೆ ಹಾಕಿ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಆಟ ಕನಿಷ್ಠ ಅರ್ಧ ಗಂಟೆ ನಿಲ್ಲುತ್ತದೆ.

ಟಿಕೆಟ್ ಇರುವುದು ಫೋನಿನಲ್ಲಿ. ಲಕ್ಷ ಫೋನುಗಳು ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ಮನೆಯಲ್ಲೇ ಎಲ್ಲರ ಟಿಕೆಟನ್ನೂ ಫೋನಿನ ವ್ಯಾಲೆಟ್‌ಗೆ ಇಳಿಸಿಕೊಳ್ಳಿ. ಒಂದೇ ಫೋನಿನಲ್ಲಿ ನಾಲ್ಕು ಟಿಕೆಟ್ ಇದ್ದರೆ ನಾಲ್ವರೂ ಒಟ್ಟಿಗೇ ಗೇಟಿಗೆ ಹೋಗಬೇಕು, ಒಬ್ಬರು ಹಿಂದೆ ಉಳಿದರೆ ಫಜೀತಿ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂದು ಹೊರಗಿರುವಾಗಲೇ ಜಾಗ ಗೊತ್ತು ಮಾಡಿ.

ಅಮ್ಮ ಬರಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತದ್ದನ್ನು ಟಿವಿಯಲ್ಲಿ ನೋಡಿದ್ದರು. ಅಪ್ಪನನ್ನೂ ಕಳಿಸಲು ಮನಸ್ಸಿರಲಿಲ್ಲ. ಆ ಭಯವನ್ನು ತಳ್ಳಿಹಾಕಲಾರೆ. ಇಲ್ಲಿ ಪ್ರತಿಯೊಬ್ಬರಿಗೂ ನಂಬರಿನ ಸೀಟು ಇರುತ್ತದೆ, ಗೇಟುಗಳು ಸುತ್ತಲೂ ಇವೆ, ಜನ ಮೂರು ಗಂಟೆ ಮುಂಚಿನಿಂದ ಚದುರಿ ಬರುತ್ತಾರೆ. ಆದರೂ ಪಂದ್ಯಕ್ಕೆ ಕೊನೆಯ ಅರ್ಧ ಗಂಟೆ ಗೇಟಿನಲ್ಲಿ ಒತ್ತಡ ಆಗುತ್ತದೆ. ಒಂದು ಗಂಟೆ ಮೊದಲೇ ಒಳಗಿರಿ, ಆ ಗುಂಪು ನಿಮಗೆ ಸಿಗುವುದೇ ಇಲ್ಲ.

ಬೇಗ ಹೋಗಲು ಇನ್ನೊಂದು ಕಾರಣ

ಬ್ಯಾಂಡ್. ಇಡೀ ದಿನದಲ್ಲಿ ಒಂದನ್ನೇ ನೋಡಬೇಕು ಎಂದರೆ ನಾನು ಇದನ್ನೇ ಆರಿಸುತ್ತೇನೆ, ಆಟವನ್ನಲ್ಲ. ಸುಮಾರು ನಾನೂರು ವಿದ್ಯಾರ್ಥಿಗಳು ಸುರಂಗದಂಥ ದಾರಿಯಿಂದ ಓಡೋಡಿ ಮೈದಾನಕ್ಕೆ ಬರುತ್ತಾರೆ. ಮುಂದಾಳು ನಡುಮೈದಾನಕ್ಕೆ ಬಂದು, ಎತ್ತರದ ಟೋಪಿ ತೆಗೆದು, ಬೆನ್ನನ್ನು ಹಿಂದಕ್ಕೆ ಬಾಗಿಸಿ ಬಾಗಿಸಿ ತಲೆಯನ್ನು ನೆಲಕ್ಕೆ ಮುಟ್ಟಿಸುತ್ತಾನೆ. ಲಕ್ಷ ಜನ ಉಸಿರು ಹಿಡಿದು ಆಮೇಲೆ ಒಮ್ಮೆಲೇ ಕೂಗುತ್ತಾರೆ. ಅಪ್ಪ ‘ಕಂಸಾಳೆಯವರು ಹೀಗೇ ಬಗ್ತಾರೆ ಕಣೋ’ ಅಂದರು. ನಂತರ 1898ರಲ್ಲಿ ಒಬ್ಬ ವಿದ್ಯಾರ್ಥಿ ಬರೆದ ವಿಶ್ವವಿದ್ಯಾಲಯದ ಹಾಡು. ‘ಹೇಲ್’ ಎಂಬ ಪದ ಬಂದಾಗಲೆಲ್ಲ ಬಲಗೈ ಮುಷ್ಟಿ ಮೇಲಕ್ಕೆ. ಪದಗಳು ಬಾರದಿದ್ದರೂ ಮುಷ್ಟಿ ಎತ್ತಿದರೆ ಸಾಕು. ಆಟಗಾರರು ಓಡಿ ಬಂದು ಅಡ್ಡ ಹಿಡಿದ ನೀಲಿ ಬ್ಯಾನರನ್ನು ಹಾರಿ ಮುಟ್ಟುತ್ತಾರೆ, 1962ರಿಂದ ನಡೆದುಬಂದ ಪದ್ಧತಿ.

ಆಟ: ಬೇಕಾದಷ್ಟೇ

ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಹೋಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ 6 ಅಂಕ, ಅದರ ಮೇಲೆ ಕಾಲಿನಿಂದ ಒದ್ದು ಇನ್ನೊಂದು. ದೂರದಿಂದಲೇ ಕಂಬಗಳ ನಡುವೆ ಒದ್ದು ಕಳಿಸಿದರೆ 3. ಮೊದಲ ದಿನಕ್ಕೆ ಇಷ್ಟು ಸಾಕು. ಹಳದಿ ಬಟ್ಟೆ ಎಸೆದರೆ ಯಾರೋ ತಪ್ಪು ಮಾಡಿದ್ದಾರೆ, ಯಾರು ಏನು ಎಂದು ಪಕ್ಕದವರನ್ನು ಕೇಳಿ. ಅವರಿಗೂ ಖಚಿತವಾಗಿ ಗೊತ್ತಿರುವುದಿಲ್ಲ.

ಅಪ್ಪ ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವರು. ಹತ್ತು ಗಜ ಆಯಿತೋ ಇಲ್ಲವೋ ಎಂಬ ಅನುಮಾನ ಬಂದಾಗ ಎರಡು ಕೋಲಿಗೆ ಕಟ್ಟಿದ ಸರಪಳಿಯನ್ನು ಮೈದಾನಕ್ಕೆ ತಂದು ಅಳೆಯುತ್ತಾರೆ. ಸರಪಳಿ ಕಂಡದ್ದೇ ತಡ ಅಪ್ಪ ನೆಟ್ಟಗೆ ಕೂತರು. ಮೈದಾನದ ಉದ್ದಗಲ ಕೇಳಿದರು. ಎರಡೂ ತುದಿ ಸೇರಿ 120 ಗಜ ಉದ್ದ, 53 ಚಿಲ್ಲರೆ ಅಗಲ ಎಂದೆ. ಬೆರಳು ಮಡಚುತ್ತಾ ಲೆಕ್ಕ ಹಾಕಿ, ‘ಒಂದೆಕರೆ ಹದಿಮೂರು ಗುಂಟೆ’ ಅಂದರು. ಅಲ್ಲಿಂದ ಪ್ರತಿ ಸಲವೂ ಸರಪಳಿ ಬರಲಿ ಎಂದು ಅವರು ಕಾಯುತ್ತಿದ್ದರೇ ಹೊರತು ಯಾರು ಗೆಲ್ಲುತ್ತಾರೆ ಎಂದಲ್ಲ. ನಿಮ್ಮ ಜೊತೆಗೆ ಬಂದವರಿಗೂ ಇಂಥದ್ದೊಂದು ಹಿಡಿ ಹುಡುಕಿಕೊಡಿ.

ಕೂಗುವುದಕ್ಕೂ ಲೆಕ್ಕವಿದೆ. ಚೆಂಡು ಮಿಷಿಗನ್ ಕೈಯಲ್ಲಿದ್ದಾಗ ಸುಮ್ಮನಿರಬೇಕು, ಅವರ ಮಾತು ಅವರಿಗೆ ಕೇಳಬೇಕಲ್ಲ. ಎದುರಾಳಿಯ ಕೈಯಲ್ಲಿದ್ದು ಮೂರನೇ ಅವಕಾಶ ಬಂದಾಗ ಗಂಟಲು ಹರಿಯುವಷ್ಟು ಕೂಗಿ. ಹೊಸಬರು ಇದನ್ನು ತಿರುವುಮುರುವು ಮಾಡುತ್ತಾರೆ, ನಾನೂ ಮಾಡಿದ್ದೆ, ಮುಂದಿನ ಸಾಲಿನ ಅಜ್ಜಿ ತಿರುಗಿ ತುಟಿಗೆ ಬೆರಳಿಟ್ಟಿದ್ದರು.

ಎಲ್ಲ ಸರಿಯಿದ್ದೂ ಆಟ ನಿಂತಿದ್ದರೆ ಮೈದಾನದ ಅಂಚಿನಿಂದ ಒಬ್ಬ ಮನುಷ್ಯ ಒಳಗೆ ಬಂದು ಸುಮ್ಮನೆ ನಿಂತಿದ್ದಾನೆಯೇ ನೋಡಿ. ಅವನು ನಿಂತಿರುವಷ್ಟು ಹೊತ್ತೂ ಟಿವಿಯಲ್ಲಿ ಜಾಹೀರಾತು. ಶೌಚಾಲಯಕ್ಕೆ ಹೋಗಲು ಎರಡನೇ ಕ್ವಾರ್ಟರ್‌ನ ಅಂಥ ಹೊತ್ತೇ ಸರಿ. ಹಾಫ್‌ಟೈಮ್‌ನ 20 ನಿಮಿಷದಲ್ಲಿ ಹೋದರೆ ಸಾಲೂ ಉದ್ದ, ಬ್ಯಾಂಡೂ ತಪ್ಪುತ್ತದೆ.

ವಾಪಸ್

ಅಂಕದ ಅಂತರ ದೊಡ್ಡದಾದರೆ ಮೂರನೇ ಕ್ವಾರ್ಟರ್ ಮುಗಿಯುತ್ತಿದ್ದಂತೆ ಜನ ಏಳಲು ಶುರು. ಹಿರಿಯರಿದ್ದರೆ ಆಗ ಹೊರಡುವುದು ಒಂದು ದಾರಿ. ಪೂರ್ತಿ ಕೂತು, ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರುವುದು ಇನ್ನೊಂದು. ನಡುವಿನದು, ಅಂದರೆ ಕೊನೆಯ ಸೀಟಿಯ ಜೊತೆಗೇ ಏಳುವುದು, ಎಲ್ಲಕ್ಕಿಂತ ಕೆಟ್ಟದ್ದು. ನಾವು ಎರಡನೆಯದನ್ನು ಹಿಡಿದೆವು. ಸ್ಟೇಡಿಯಂ ಖಾಲಿಯಾಗುತ್ತಾ ಬಂದಾಗ ಬ್ಯಾಂಡಿನವರು ಮತ್ತೆ ಬಾರಿಸುತ್ತಾರೆ, ಸೀಟು ಬದಲಿಸಿ ಹತ್ತಿರ ಹೋಗಿ ಕೂರಬಹುದು. ಮೆಟ್ಟಿಲು ಹತ್ತುವಾಗ ಹದಿನೈದು ಮೆಟ್ಟಿಲಿಗೊಮ್ಮೆ ಬೆಂಚಿನ ತುದಿಯಲ್ಲಿ ಕೂತು ಎದ್ದರೆ ಮಂಡಿಗೆ ಆಯಾಸವಾಗುವುದಿಲ್ಲ, ಹಿಂದಿನಿಂದ ನೂಕುವವರೂ ಇರುವುದಿಲ್ಲ.

ಗಾಡಿ ಬಿಟ್ಟ ಬೀದಿಯ ಹೆಸರಿನ ಫಲಕದ ಫೋಟೊ ಬೆಳಗ್ಗೆಯೇ ತೆಗೆದಿಟ್ಟುಕೊಳ್ಳಿ. ಆ ಹೊತ್ತಿಗೆ ಎಲ್ಲ ಬೀದಿಗಳೂ ಒಂದೇ ಥರ ಕಾಣುತ್ತವೆ, ಎಲ್ಲ ಹುಲ್ಲಿನ ಮೇಲೂ ಬೂದು ಬಣ್ಣದ ಟೊಯೊಟಾಗಳೇ ನಿಂತಿರುತ್ತವೆ.